ತೇಗದ ಬಿಲ್ಲೆಯಲ್ಲಿ ಸಿಕ್ಕ ಎಲ್ ನಿನೊ

"ದಾವಣಗೆರೆಯಲ್ಲಿ ಕೂತು ಪೆಸಿಫಿಕ್ ಸಮುದ್ರ ಅಳೀತೀರಾ ಸಾರ್?" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಪೆಸಿಫಿಕ್ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ. ತೇಗ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ, ಮಳೆ ಕಮ್ಮಿಯಾದರೆ ಉಂಗುರ ಸಣ್ಣದು. ಆ ಗುರುತನ್ನು ಮರದಲ್ಲಿ ಹುಡುಕಲು ಹೊರಟಿದ್ದೆ. ಈಗ ಅವರೇ ಗ್ರಾಫ್ ಕೇಳುತ್ತಿದ್ದಾರೆ.

ಮೊದಲ ವರ್ಷ ದಂಡ. ಮರ ಕೊರೆದು ಕಡ್ಡಿಯಂಥ ತುಂಡು (ಕೋರ್) ತೆಗೆಯುವ ಹಳೇ ಬೋರರ್ ಒಂದಕ್ಕೆ 28 ಸಾವಿರದಷ್ಟು ಸುರಿದೆ. ಮೂರನೇ ಮರದಲ್ಲೇ ಸಿಕ್ಕಿಕೊಂಡು ತುದಿ ಮುರಿಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಆಮೇಲೆ ಕಾಂಡವನ್ನು ಅಡ್ಡ ಕೊಯ್ದ ಬಿಲ್ಲೆಗಾಗಿ ಸಾಮಿಲ್ ಹಿಡಿದೆ. ಬಿಲ್ಲೆಗೆ 100-150 ರೂಪಾಯಿ, ಚಹಾ ಬೇರೆ. ಮೊದಲು ತಂದ 11ಕ್ಕೂ ತೊಗಟೆ ಇರಲಿಲ್ಲ. ತೊಗಟೆ ಜೊತೆ ಹೊರಗಿನ ಉಂಗುರ ಎಷ್ಟು ಹೋಗಿವೆಯೋ, ಉಳಿದ ಕೊನೆ ಉಂಗುರ ಯಾವ ವರ್ಷದ್ದು ಅಂತ ಯಾರನ್ನು ಕೇಳೋದು? ಸೌದೆಯಾದವು.

ಕೊನೆಗೆ ಚನ್ನಗಿರಿ ಕಡೆ ಬದುವಿನ ತೇಗ ಕಡಿಯುವಾಗ ನಾನೇ ಹೋಗಿ ನಿಲ್ಲತೊಡಗಿದೆ. ತೊಗಟೆ ಸಮೇತ 23 ಬಿಲ್ಲೆ ಸೇರಿದವು. ಎರಡು ಮರಕ್ಕೆ 60 ವರ್ಷ ದಾಟಿತ್ತು.

ನಿಜವಾದ ತಲೆನೋವು ಸುಳ್ಳು ಉಂಗುರ. ನಮ್ಮಲ್ಲಿ ಆಗಸ್ಟಿನಲ್ಲಿ ಮಳೆ ಕೈಕೊಡುತ್ತದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೆ ಹೊಡೆಯುತ್ತದೆ. ಮರ ಒಂದೇ ವರ್ಷದಲ್ಲಿ ಎರಡು ಸಲ ಚಿಗುರಿದ ಹಾಗೆ ಗೆರೆ ಬರೆದುಬಿಡುತ್ತದೆ. ಕೋರ್‌ನಲ್ಲಿ ಇದು ಗೊತ್ತಾಗೋದು ಕಷ್ಟ. ಬಿಲ್ಲೆಯಲ್ಲಿ ಗೆರೆ ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಸುಳ್ಳಿನದು ಹೆಚ್ಚಾಗಿ ಎಲ್ಲೋ ಕರಗಿಹೋಗುತ್ತದೆ. 600ರ ಪಾಲಿಶ್ ಪೇಪರ್ ತನಕ ಉಜ್ಜಿದ ಮೇಲೆ ರಂಧ್ರ ಎದ್ದು ಕಾಣಲು ಒಂದು ಪುಡಿ ತಿಕ್ಕುತ್ತೇನೆ. ಯಾವುದು ಅಂತ ಈಗ ಹೇಳಲ್ಲ.

 

ಫಲ? 1972, 1987, 2002 ಮೂರೂ ಎಲ್ ನಿನೊ ವರ್ಷ. ಮೂರೂ ಕಡೆ ಉಂಗುರ ಕೂದಲೆಳೆಯಷ್ಟೇ. ಆದರೆ 1997 ದಪ್ಪಗಿತ್ತು! ಎಲ್ ನಿನೊ ಅಷ್ಟು ಜೋರಿದ್ದ ವರ್ಷ ಅದು. "ನೋಡಿದ್ರಾ, ಲೆಕ್ಕ ತಪ್ಪಿದೆ" ಅಂದರು ಸ್ಟಾಫ್ ರೂಮಿನವರು. ನಾನೂ ಒಂದು ತಿಂಗಳು ಮತ್ತೆ ಮತ್ತೆ ಎಣಿಸಿದೆ. ಎಣಿಕೆ ಸರಿಯೇ ಇತ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಪೂರ್ವ ತಣ್ಣಗಾಗಿ, ದೇಶದ ಮುಂಗಾರು ಹೆಚ್ಚುಕಡಿಮೆ ಮಾಮೂಲಿನಂತೆ ಆಗಿತ್ತು. ಪೆಸಿಫಿಕ್ ಕಿತ್ತುಕೊಂಡಿದ್ದನ್ನು ಪಕ್ಕದ ಸಮುದ್ರ ಕೊಟ್ಟಿತ್ತು, ಅಲ್ವಾ? ನನಗೆ ಜಾಸ್ತಿ ಖುಷಿ ಕೊಟ್ಟ ಉಂಗುರ ಅದೇ.

ವಾಣಿವಿಲಾಸ ಸಾಗರ ಅಣೆಕಟ್ಟು ಮೊದಲ ಸಲ ಕೋಡಿ ಬಿದ್ದ 1933ರವರೆಗೂ ಹಿಂದೆ ಹೋಗುವ ಆಸೆಯಿದೆ. ಚಿತ್ರದುರ್ಗದಲ್ಲಿ ಹಳೇ ಮನೆ ಕೆಡವುವವರೊಬ್ಬರು ತೇಗದ ತೊಲೆಗೆ 15 ಸಾವಿರ ಹೇಳುತ್ತಿದ್ದಾರೆ. ತೊಲೆಗೆ ತೊಗಟೆ ಇಲ್ಲದಿದ್ದರೂ ಈಗ ಹೋಲಿಸಲು ನನ್ನ ಬಿಲ್ಲೆಗಳಿವೆ, ದಪ್ಪ-ಸಣ್ಣ ಉಂಗುರಗಳ ಸಾಲು ಹೊಂದಿದರೆ ವರ್ಷ ಸಿಗುತ್ತದೆ. ನನಗೆ ಬೇಕಿರುವುದು ನಾಲ್ಕು ಇಂಚಿನ ತುಂಡು. ನಿನ್ನೆಗೆ 12ಕ್ಕೆ ಇಳಿದಿದ್ದಾರೆ.