ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಹಾಕಿಸಿಕೊಳ್ಳುವ ಮುಂಚೆ ಇದನ್ನು ಓದಿ

ಕುರ್ಚಿ ಮೇಲೆ ಒರಗುವ ಮುಂಚೆಯೇ ಡಾಕ್ಟರಿಗೆ ಎಲ್ಲ ಹೇಳಿಬಿಡಿ. ಹೃದಯದ ತೊಂದರೆ, ಬಿಪಿ, ದಿನಾ ನುಂಗುವ ಮಾತ್ರೆ, ಬಸುರಿ ಆಗಿದ್ದರೆ ಅದು, ಹಿಂದೆ ಅಲರ್ಜಿ ಆಗಿದ್ದರೆ ಅದೂ. ಯಾಕಂದ್ರೆ ಆ ಸಿರಿಂಜಿನಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಇರುತ್ತವೆ. ಮರಗಟ್ಟಿಸುವುದು ಲಿಡೋಕೇನ್, ಹೆಚ್ಚಾಗಿ ಶೇ 2ರದ್ದು. ಜೊತೆಗೆ ಅಡ್ರಿನಲಿನ್, 80,000 ಅಥವಾ 1,00,000 ಪಾಲಿಗೆ ಒಂದೇ ಪಾಲು. ಇದು ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಔಷಧಿ ಬೇಗ ರಕ್ತದಲ್ಲಿ ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ. ಚುಚ್ಚಿದ ಕೂಡಲೇ ಎದೆ ಡವಡವ ಅಂದರೆ ಇದೂ ಕಾರಣ ಇರಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ, ಆದರೂ ಸುಮ್ನೆ ಇರಬೇಡಿ, ಹೇಳಿ.

ನೋವಿನ ಸುದ್ದಿ ನರದಲ್ಲಿ ಓಡಬೇಕಾದರೆ ಸೋಡಿಯಂ ಕಣಗಳು ನರದೊಳಕ್ಕೆ ನುಗ್ಗಬೇಕು. ಅದಕ್ಕೆ ಪುಟ್ಟ ಪುಟ್ಟ ಬಾಗಿಲುಗಳಿವೆ. ಲಿಡೋಕೇನ್ ನರದ ಪೊರೆ ದಾಟಿ ಒಳಗೆ ಹೋಗಿ, ಒಳಗಿನಿಂದಲೇ ಅಗುಳಿ ಹಾಕಿಬಿಡುತ್ತದೆ. ಸುದ್ದಿ ಅಲ್ಲೇ ನಿಂತುಹೋಯಿತು. ಆದರೆ ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಆಮ್ಲ ಜಾಸ್ತಿ, ಆಮ್ಲದಲ್ಲಿ ಈ ಔಷಧಿಗೆ ಪೊರೆ ದಾಟುವುದೇ ಕಷ್ಟ. ದಯವಿಟ್ಟು ಕೆನ್ನೆ ಊದುವ ತನಕ ಕಾಯಬೇಡಿ, ಆಮೇಲೆ ಇಂಜೆಕ್ಷನ್ ಕೂಡ ಅರ್ಧಂಬರ್ಧ ಕೆಲಸ ಮಾಡುತ್ತದೆ.

ಮೇಲಿನ ಹಲ್ಲಾದರೆ ಅದರ ಪಕ್ಕದಲ್ಲೇ ಚುಚ್ಚುತ್ತಾರೆ, ಅಲ್ಲಿ ಮೂಳೆ ತೆಳು. ಕೆಳಗಿನ ದವಡೆ ಹಲ್ಲಿನ ಸುತ್ತ ಮೂಳೆ ಗಟ್ಟಿ, ಔಷಧಿ ಇಳಿಯುವುದಿಲ್ಲ, ಹಾಗಾಗಿ ಬಾಯಿಯ ಹಿಂದೆ, ನರ ದವಡೆಯೊಳಕ್ಕೆ ಹೋಗುವ ಕಡೆ ಹಾಕುತ್ತಾರೆ. ಅದಕ್ಕೇ ಅಲ್ವಾ ಆ ಕಡೆಯ ಅರ್ಧ ತುಟಿ, ಅರ್ಧ ನಾಲಿಗೆ ಎಲ್ಲ ಜೋಮು ಹಿಡಿಯುವುದು! ತುಟಿ ದಪ್ಪಗೆ ಊದಿದ ಹಾಗೆ ಅನಿಸುತ್ತದೆ, ಕನ್ನಡಿ ನೋಡಿದರೆ ಇದ್ದ ಹಾಗೇ ಇರುತ್ತದೆ.

ಮರಗಟ್ಟಿದ ಮೇಲೂ ಒತ್ತಿದ್ದು, ಎಳೆದಿದ್ದು ಗೊತ್ತಾಗುತ್ತದೆ. ಗಾಬರಿ ಬೇಡ. ಚುಳ್ ಅಂದರೆ ಮಾತ್ರ ಕೈ ಎತ್ತಿ, ಇನ್ನಷ್ಟು ಹಾಕುತ್ತಾರೆ. ನೋವು ತಡೆದುಕೊಂಡು ಕೂರಬೇಕಾಗಿಲ್ಲ.

ಹಲ್ಲಿನ ಜೋಮು ಸುಮಾರು ಒಂದು ಗಂಟೆ, ತುಟಿಯದ್ದು ಮೂರು ಗಂಟೆಗೂ ಜಾಸ್ತಿ ಇರಬಹುದು. ಅಲ್ಲಿಯವರೆಗೆ ಅಗಿದು ತಿನ್ನಬೇಡಿ, ಬಿಸಿ ಕುಡಿಯಬೇಡಿ. ಮಕ್ಕಳ ಮೇಲೆ ಕಣ್ಣಿಡಿ. ನೋವಾಗದ ತುಟಿಯನ್ನು ಆಟವಾಡುತ್ತಾ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡುಬಿಡುತ್ತವೆ. ಮರುದಿನವೂ ಜೋಮು ಬಿಟ್ಟಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ.