ಮಳೆಗೆ ಮುನ್ನ: ಹಿತ್ತಿಲಿನ ಸುವರ್ಣಗೆಡ್ಡೆ, ಬೆಟ್ಟದ ಮುರುಗಲು

ಸುವರ್ಣಗೆಡ್ಡೆ ಚಳಿಗಾಲದಲ್ಲಿಯೇ ಬಲಿತಿದ್ದರೂ, ಬೇಕಾದಾಗ ಅಗೆದುಕೊಳ್ಳೋಣವೆಂದು ಅದನ್ನು ಬೇಸಿಗೆಯುದ್ದಕ್ಕೂ ಮಣ್ಣಿನಲ್ಲಿಯೇ ಬಿಡುವುದು ಮಲೆನಾಡು ಮತ್ತು ಕರಾವಳಿಯ ಹಿತ್ತಿಲುಗಳಲ್ಲಿ ಸಾಮಾನ್ಯ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಣ್ಣಿಗೆ ತೇವ ತಾಗಿದೊಡನೆ ಮೊಳಕೆ ಎದ್ದು, ಹಳೆಯ ಗೆಡ್ಡೆಯ ಸತ್ವವನ್ನು ಹೀರಿಕೊಂಡೇ ಹೊಸ ಗಿಡ ಬೆಳೆಯುವುದರಿಂದ, ಅಡುಗೆಗೆ ಬೇಕಾದುದನ್ನು ಮೇ ತಿಂಗಳೊಳಗೆ ಕಿತ್ತು ಮುಗಿಸಬೇಕು. ಸಿಹಿಗೆಣಸಿಗೆ ಈ ಸಲಿಗೆ ಸಲ್ಲದು. ಬೇಸಿಗೆಯಲ್ಲಿ ಬಿರಿದ ನೆಲದ ಸಂದುಗಳ ಮೂಲಕ ಮೂತಿಹುಳು ಒಳನುಗ್ಗಿ ಗೆಣಸನ್ನು ಕಹಿ ಮಾಡುತ್ತದೆ.

ದಂಟು ಒಣಗಿ ಬಿದ್ದ ಜಾಗದಲ್ಲಿ ಉಳಿದಿರುವ ಸಣ್ಣ ಗುಳಿಯೇ ಗೆಡ್ಡೆಯ ಗುರುತು. ನೆಲ ಗಟ್ಟಿಯಾಗಿದ್ದರೆ ಹಿಂದಿನ ಸಂಜೆ ಸುತ್ತ ಸ್ವಲ್ಪ ನೀರು ಚಿಮುಕಿಸಿ. ಗುಳಿಯಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ ಗುದ್ದಲಿ ಹಾಕಿ, ಸುತ್ತಲಿನ ಮಣ್ಣನ್ನು ತೆಗೆದ ಮೇಲೆ ಹಾರೆಯಿಂದ ಗೆಡ್ಡೆಯನ್ನು ಅಡಿಯಿಂದ ಮೀಟಿ ಎತ್ತಬೇಕು. ಅವಸರದಲ್ಲಿ ಗಾಯವಾದ ಗೆಡ್ಡೆ ಬೇಗ ಕೊಳೆಯುವುದರಿಂದ ಅದನ್ನು ಮೊದಲು ಅಡುಗೆಗೆ ಬಳಸಿ. ಉಳಿದವನ್ನು ತೊಳೆಯದೆ, ಮಣ್ಣು ಉದುರಿಸಿ, ಕೆಲವು ದಿನ ನೆರಳಿನಲ್ಲಿ ಆರಿಸಿ, ಒಂದರ ಮೇಲೊಂದು ಪೇರಿಸದೆ ಗಾಳಿಯಾಡುವ ಅಟ್ಟದಲ್ಲಿ ಹರಡಬೇಕು.

ಬಿತ್ತನೆಗೆ ರೋಗವಿಲ್ಲದ ಗೆಡ್ಡೆಯನ್ನೇ ಆರಿಸಿ, ನಡುವಿನ ಮೊಳಕೆಯ ಭಾಗ ಪ್ರತಿ ಹೋಳಿಗೂ ಬರುವಂತೆ ಮೇಲಿನಿಂದ ಕೆಳಕ್ಕೆ ಕತ್ತರಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ ನೆಡುತ್ತಾರೆ. ಹೊಸದಾಗಿ ಬೆಳೆಯುವವರಿಗೆ ತುರಿಕೆ ಕಡಿಮೆಯಿರುವ ಗಜೇಂದ್ರ ತಳಿಯೇ ಮೇಲು.

ಇದೇ ದಿನಗಳಲ್ಲಿ ಬೆಟ್ಟದ ಅಂಚಿನಲ್ಲಿ ಮುರುಗಲು, ಅಂದರೆ ಕರಾವಳಿಯವರ ಪುನರ್ಪುಳಿ, ಹಣ್ಣಾಗಿರುತ್ತದೆ. ಕೊಂಬೆ ಮುರಿಯದೆ, ಕಡುಗೆಂಪಾದ ಹಣ್ಣನ್ನಷ್ಟೇ ಕೊಯ್ದು, ಎರಡು ಹೋಳು ಮಾಡಿ, ಬೀಜವನ್ನು ತಿರುಳಿನೊಡನೆ ಬೇರ್ಪಡಿಸಿ, ಸಿಪ್ಪೆಯನ್ನು ಬಿಸಿಲಿಗೆ ಹರಡಬೇಕು. ತಿರುಳಿನಿಂದ ಇಳಿದ ರಸಕ್ಕೆ ಉಪ್ಪು ಬೆರೆಸಿ, ಅರೆ ಒಣಗಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸುವುದನ್ನು ಕೆಲವು ಸಲ ಮಾಡಿದರೆ ಸಿಪ್ಪೆ ಕಪ್ಪಾಗಿ, ಹುಳಿ ಗಾಢವಾಗುತ್ತದೆ. ಮಧ್ಯೆ ಮಳೆ ಹಿಡಿದರೆ ಬೂಸಲು ಬರುವುದು ಖಂಡಿತ. ಆದ್ದರಿಂದ ಮೋಡ ಕಟ್ಟುವ ಮೊದಲೇ ಕೊಯ್ಲು ಆರಂಭಿಸುವುದು ಜಾಣತನ. ಬೀಜವನ್ನೂ ಎಸೆಯಬೇಡಿ: ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ತೇಲಿಬರುವ ಜಿಡ್ಡೇ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ. ಬೆಟ್ಟಕ್ಕೆ ಹೋದಾಗ ಗುರುತಿಲ್ಲದ ಕಾಡುಗೆಣಸನ್ನು ಮಾತ್ರ ಅಗೆದು ತರಬಾರದು. ಅವುಗಳಲ್ಲಿ ವಿಷದ ಜಾತಿಗಳೂ ಇವೆ.

ಗೆಡ್ಡೆಯ ತುರಿಕೆಗೆ ಕಾರಣ ಅದರೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು. ಕೈ ಒಣಗಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಸಿಪ್ಪೆಯನ್ನು ದಪ್ಪವಾಗಿ ಹೆರೆಯಿರಿ. ಹೋಳುಗಳನ್ನು ನಾಲ್ಕಾರು ಮುರುಗಲು ಸಿಪ್ಪೆಯೊಡನೆ ಚೆನ್ನಾಗಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ, ಆಮೇಲೆ ಪಲ್ಯಕ್ಕಾಗಲಿ ಸಾಂಬಾರಿಗಾಗಲಿ ಬಳಸಬಹುದು. ಅರೆಬೆಂದ ಹೋಳು ಎಷ್ಟೇ ಹುಳಿ ಹಾಕಿದರೂ ಗಂಟಲು ಕೆರೆಯದೆ ಬಿಡದು. ಚಾಕು ಸಲೀಸಾಗಿ ಇಳಿಯುವವರೆಗೆ ಒಲೆಯಿಂದ ಇಳಿಸಬೇಡಿ.