ಮಣ್ಣಿನ ತೇವದ ಸೆನ್ಸರ್ ಕ್ಯಾಲಿಬ್ರೇಷನ್: ಪ್ರತಿ ಆಳಕ್ಕೂ ಬೇರೆ ಲೆಕ್ಕ ಯಾಕೆ ಬೇಕು (ನನ್ನ ಅನುಭವ)

ಹೊಳಲ್ಕೆರೆ ಕಡೆ ನಮ್ಮ ಅಡಕೆ ತೋಟ. ಬೋರ್ ನೀರು, ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ ಮೋಟ್ರು ಓಡೋದು, ಹಾಗಾಗಿ ಬಿಟ್ಟ ನೀರು ಬೇರಿಗೆ ಸಿಗ್ತಿದೆಯಾ ಇಲ್ಲಾ ಬೇರು ದಾಟಿ ಕೆಳಗೆ ಹೋಗ್ತಿದೆಯಾ ಅಂತ ಗೊತ್ತಾಗ್ಲೇಬೇಕಿತ್ತು. ಅದಕ್ಕೆ 15, 30, 60 ಸೆಂ.ಮೀ. ಆಳದಲ್ಲಿ ಕೆಪ್ಯಾಸಿಟಿವ್ ಸೆನ್ಸರ್ ಹೂತಿದ್ದೀನಿ. ಹೂಳೋದು ಒಂದು ದಿನದ ಕೆಲಸ, ಅದು ಕೊಡೋ ನಂಬರನ್ನ ನೀರಿನ ಲೆಕ್ಕಕ್ಕೆ ತರೋದೇ, ಅಂದ್ರೆ ಕ್ಯಾಲಿಬ್ರೇಷನ್ನೇ, ದೊಡ್ಡ ಕೆಲಸ.

ಸುಮಾರು ಜನ ಹೇಳೋದು, ಸೆನ್ಸರ್ ಗಾಳೀಲಿ ಹಿಡಿದು 0%, ನೀರಲ್ಲಿ ಅದ್ದಿ 100% ಅಂತ ಇಟ್ಕೊಳ್ಳಿ ಅಂತ. ಸೆನ್ಸರ್ ಜೀವಂತ ಇದೆಯಾ ನೋಡೋಕೆ ಅಷ್ಟು ಸಾಕು, ತೋಟಕ್ಕೆ ಸಾಲಲ್ಲ. ಯಾಕಂದ್ರೆ ಇದು ನೀರನ್ನ ನೇರವಾಗಿ ಅಳೆಯಲ್ಲ, ಸುತ್ತ ಇರೋದರ ಡೈಎಲೆಕ್ಟ್ರಿಕ್ ಗುಣ (ವಿದ್ಯುತ್ ಚಾರ್ಜ್ ಹಿಡಿದಿಡೋಕೆ ಎಷ್ಟು ನೆರವಾಗುತ್ತೆ ಅನ್ನೋದು) ಅಳೆಯುತ್ತೆ. ಗಾಳಿಗೆ ಅದು 1, ಒಣ ಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಜೊತೆಗೆ ಮಣ್ಣಲ್ಲಿ ಜೇಡಿ ಎಷ್ಟಿದೆ, ಉಪ್ಪು ಎಷ್ಟಿದೆ, ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದೆಲ್ಲ ಆ ನಂಬರಲ್ಲಿ ಸೇರ್ಕೊಳ್ಳುತ್ತೆ. ನಮ್ಮಲ್ಲಿ ಮೇಲೆ ಮರಳು ಮಿಶ್ರಿತ ಕೆಂಪು ಮಣ್ಣು, ಒಂದೂವರೆ ಅಡಿ ದಾಟಿದ್ರೆ ಜೇಡಿ. ಮೇಲಿನ ಲೆಕ್ಕ ಕೆಳಗೆ ಹಾಕಿದ್ರೆ 60ರ ಸೆನ್ಸರ್ ನಿಜಕ್ಕಿಂತ ಜಾಸ್ತಿ ತೇವ ತೋರಿಸುತ್ತೆ.

ನಿಜವಾದ ತೇವ ಎಷ್ಟು ಅಂತ ತಿಳಿಯೋಕೆ ಹಳೇ ವಿಧಾನವೇ, ಮಣ್ಣು ತೂಗಿ ಒಣಗಿಸಿ ಮತ್ತೆ ತೂಗೋದು. 5 ಸೆಂ.ಮೀ. ವ್ಯಾಸ, 5 ಸೆಂ.ಮೀ. ಎತ್ತರದ ಸ್ಟೀಲ್ ರಿಂಗ್ ಮಾಡಿಸ್ಕೊಂಡೆ, ಅದರಲ್ಲಿ 98 ಸಿಸಿ ಮಣ್ಣು ಹಿಡಿಯುತ್ತೆ. ಸೆನ್ಸರ್ ಪಕ್ಕದಲ್ಲೇ ಅಗೆದ್ರೆ ಅಲ್ಲಿನ ಮಣ್ಣು ಕೆಡುತ್ತೆ, ಅದಕ್ಕೆ ಒಂದು ಮಾರು ಆಚೆ, ಆದ್ರೆ ಡ್ರಿಪ್ಪರಿಂದ ಅಷ್ಟೇ ದೂರದಲ್ಲಿ, ಅದೇ ಆಳದಲ್ಲಿ ರಿಂಗ್ ಹೊಡೆದು ತೆಗೀತೀನಿ. ತೆಗೆದ ತಕ್ಷಣ ಮುಚ್ಚಳ ಇರೋ ಡಬ್ಬಿಗೆ ಹಾಕ್ಬೇಕು, ಬಿಸಿಲಲ್ಲಿ ಐದು ನಿಮಿಷ ಬಿಟ್ರೂ ತೂಕ ಇಳಿಯುತ್ತೆ. ಆಮೇಲೆ 105 ಡಿಗ್ರೀಲಿ 24 ಗಂಟೆ ಒಲೆ ಥರದ ಓವನ್ನಲ್ಲಿ. ಮನೇಲಿರೋ ಓಟಿಜಿ ನಡೆಯುತ್ತೆ, ಆದ್ರೆ ಅದರ ಗುಂಡಿ ನಂಬ್ಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ, ತೂಕ ಇಳಿಯೋದು ನಿಲ್ಲೋವರೆಗೂ ಬಿಡಿ.

ಒಂದು ಉದಾಹರಣೆ: ಹಸಿ ಮಣ್ಣು 182 ಗ್ರಾಂ, ಒಣಗಿದ್ಮೇಲೆ 155. ಹೋದ ನೀರು 27 ಗ್ರಾಂ ಅಂದ್ರೆ 27 ಸಿಸಿ, 98ರಲ್ಲಿ 27 ಅಂದ್ರೆ ಗಾತ್ರದ ಲೆಕ್ಕದಲ್ಲಿ 27.5%. ತೂಕದ ಲೆಕ್ಕ ಹಿಡಿದ್ರೆ 17.4% ಬರುತ್ತೆ. ಇವೆರಡನ್ನ ಕಲಸ್ಬೇಡಿ, ನೀರಾವರಿಗೆ ಬೇಕಾಗಿರೋದು ಗಾತ್ರದ್ದು.

ನೀರು ಚೆನ್ನಾಗಿ ಬಿಟ್ಟು ಮಾರನೇ ದಿನದಿಂದ ಒಣಗ್ತಾ ಹೋದಂಗೆ ಸ್ಯಾಂಪಲ್ ತೆಗೀತಾ ಹೋದ್ರೆ 15 ಮತ್ತು 30ಕ್ಕೆ ಹಸಿಯಿಂದ ಒಣವರೆಗೂ ಪಾಯಿಂಟ್ (ಸೆನ್ಸರ್ ರೀಡಿಂಗ್, ಜೊತೆಗೆ ಆಗಿನ ನಿಜವಾದ ತೇವ) ಸಿಗುತ್ತೆ. 60ರಲ್ಲಿ ಹಾಗಾಗಲ್ಲ, ಜೇಡಿ ಒಣಗೋದೇ ಇಲ್ಲ ಅನ್ನೋಷ್ಟು ನಿಧಾನ. ಅದಕ್ಕೆ ಬಕೆಟ್ ವಿಧಾನ: ಆ ಆಳದ ಮಣ್ಣನ್ನೇ ತಂದು, ಒಣಗಿಸಿ, ಪುಡಿ ಮಾಡಿ, ತೋಟದಲ್ಲಿ ಎಷ್ಟು ಗಟ್ಟಿ ಇದೆಯೋ ಅಷ್ಟೇ ಗಟ್ಟಿಯಾಗಿ ತುಂಬೋದು. ನಮ್ಮ ಜೇಡಿಗೆ ಸಿಸಿಗೆ 1.4 ಗ್ರಾಂ ಬಂತು, ಹಾಗಾಗಿ 10 ಲೀಟರ್ ಜಾಗಕ್ಕೆ 14 ಕೆಜಿ ಒಣ ಮಣ್ಣು, 20% ಬೇಕಂದ್ರೆ 2 ಲೀಟರ್ ನೀರು. ಕಲಸಿ ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಪದರ ಪದರವಾಗಿ ಒತ್ತಿ ತುಂಬಿ ಸೆನ್ಸರ್ ಕೂರಿಸಿ ರೀಡಿಂಗ್. ಸಡಿಲ ತುಂಬಿದ್ರೆ ಸೆನ್ಸರ್ ಪಕ್ಕ ಗಾಳಿ ಸಿಕ್ಕಿ ಒಣ ಅಂತ ತೋರಿಸುತ್ತೆ, ಕೈ ನೋಯುತ್ತೆ ಅಂತ ಇಲ್ಲಿ ಬಿಡಬಾರದು.

ಪಾಯಿಂಟೆಲ್ಲ ಎಕ್ಸೆಲ್ಲಲ್ಲಿ ಹಾಕಿದಾಗ 15ಕ್ಕೂ 30ಕ್ಕೂ ಸರಳ ಗೆರೆ ಸಾಕಾಯ್ತು, 60ಕ್ಕೆ ಬಾಗಿದ ಗೆರೆನೇ ಬೇಕಾಯ್ತು. ಒಂದೇ ಪ್ಯಾಕೆಟ್ಟಿನ ಸೆನ್ಸರ್‌ಗಳೂ ಒಂದೇ ಥರ ಇರಲ್ಲ, ಅದಕ್ಕೆ ಪ್ರತಿಯೊಂದರ ಮೇಲೂ ನಂಬರ್ ಬರೆದು ಅದರದ್ದೇ ಸಮೀಕರಣ ಇಟ್ಟಿದ್ದೀನಿ. ಇಎಸ್‌ಪಿ32 (ಸೆನ್ಸರ್ ಓದೋ ಚಿಕ್ಕ ಬೋರ್ಡು) ಒಳಗಿರೋ ಎಡಿಸಿ, ಅಂದ್ರೆ ವೋಲ್ಟೇಜನ್ನ ನಂಬರ್ ಮಾಡೋ ಭಾಗ, ತೀರಾ ಕಡಿಮೆ ಇಲ್ಲಾ ತೀರಾ ಜಾಸ್ತಿ ವೋಲ್ಟೇಜಲ್ಲಿ ಸರಿಯಾಗಿ ಓದಲ್ಲ, ಅದೇ ಕೆಲಸದ ಬೇರೆ ಚಿಪ್ ಎಡಿಎಸ್1115 ಹಾಕ್ಕೊಂಡ್ರೆ ನೆಮ್ಮದಿ. ಸೆನ್ಸರ್ ಬೋರ್ಡಿನ ಅಂಚಿಗೂ ಸರ್ಕ್ಯೂಟ್ ಭಾಗಕ್ಕೂ ಎಪಾಕ್ಸಿ (ನೀರು ತಡೆಯೋ ಅಂಟು) ಬಳಿಯೋದು ಕಡ್ಡಾಯ, ಅಂಚಿಂದ ನೀರು ಕುಡಿದ್ರೆ ಮಾಡಿದ ಕ್ಯಾಲಿಬ್ರೇಷನ್ ಎಲ್ಲ ವೇಸ್ಟು.

ಇನ್ನೊಂದು ಬಿಸಿಲಿನ ವಿಚಾರ. 15ರ ಸೆನ್ಸರ್ ಮಧ್ಯಾಹ್ನ ಒಂದು, ಬೆಳಗಿನ ಜಾವ ಇನ್ನೊಂದು ಹೇಳುತ್ತೆ, ಒಂದು ಹನಿ ನೀರು ಬಿಡದಿದ್ರೂ. ಅದಕ್ಕೆ ಕ್ಯಾಲಿಬ್ರೇಷನ್ನಿಗೂ ದಿನದ ಲೆಕ್ಕಕ್ಕೂ ಬೆಳಿಗ್ಗೆ 6ರ ರೀಡಿಂಗ್ ಮಾತ್ರ ತಗೋತೀನಿ.

ಈಗ ನೀರು ಯಾವಾಗ ಬಿಡ್ಬೇಕು ಅಂತ 30 ಹೇಳುತ್ತೆ, ಯಾವಾಗ ನಿಲ್ಲಿಸ್ಬೇಕು ಅಂತ 60 ಹೇಳುತ್ತೆ, ಅದು ಏರೋಕೆ ಶುರು ಮಾಡ್ತು ಅಂದ್ರೆ ನೀರು ಬೇರು ದಾಟ್ತಿದೆ ಅಂತ ಗೇಟ್‌ವಾಲ್ ತಿರುಗಿಸಿ ಮುಂದಿನ ಸಾಲಿಗೆ ಬಿಡೋದೇ. ಮಳೆಗಾಲ ಮುಗಿದ್ಮೇಲೆ ಪ್ರತಿ ಆಳದಲ್ಲೂ ರಿಂಗ್ ಹೊಡೆದು ಮತ್ತೆ ತಾಳೆ ನೋಡ್ತೀನಿ, 3-4 ಪರ್ಸೆಂಟ್ ಒಳಗಿದ್ರೆ ಹಾಗೇ ಬಿಡ್ತೀನಿ, ದಾಟಿದ್ರೆ ಆ ಸೆನ್ಸರ್ ಕಿತ್ತು ಎಪಾಕ್ಸಿ ಬಿಟ್ಟಿದೆಯಾ ಅಂತ ಮೊದಲು ನೋಡ್ತೀನಿ.